ಐದು ಟೈರು, ಒಂದು ಚಡಾವು

ಟೈರಿನ ಬಿಲ್ಲು ನೋಡಿದ ಅವ್ವ ಹೇಳಿದ್ದು ಒಂದೇ ಮಾತು. “ಈ ದುಡ್ಡಿಗೆ ಹಾಲು ಕರೆಯೋ ಹಸು ಬರ್ತಿತ್ತಲ್ಲೋ.”

ಸ್ಟೆಪ್ನಿ ಸೇರಿ ಐದು ಟೈರು. ಒಂದಕ್ಕೆ 8 ಸಾವಿರದ ಆಸುಪಾಸು, ಮೇಲೆ ಫಿಟ್ಟಿಂಗು, ಬ್ಯಾಲೆನ್ಸಿಂಗು. ಅವ್ವನ ಲೆಕ್ಕ ತಪ್ಪಲ್ಲ. ಸುದ್ದಿಗೆ ಇಷ್ಟು ಎಂದು ಎಣಿಸಿ ದುಡ್ಡು ಪಡೆಯುವ ನನ್ನಂಥವನು ಎಷ್ಟು ಸುದ್ದಿ ಬರೆದರೆ ಐದು ಟೈರಾಗುತ್ತದೆ ಎಂದು ಕೂಡಿಸುತ್ತಾ ಕೂತರೆ ಬೇಸಿಗೆ ಮುಗಿದು ಮಳೆಗಾಲವೇ ಬಂದುಬಿಡುತ್ತದೆ. ಆದರೂ ತಗೊಂಡೆ. ಯಾಕೆ ತಗೊಂಡೆ, ಹೇಗೆ ಆರಿಸಿದೆ, ನಡುವೆ ಎಲ್ಲಿ ಎಡವಿದೆ ಅನ್ನುವುದನ್ನು ಬರೆದಿಡುತ್ತೇನೆ. ನಮ್ಮ ಬಳಗದಲ್ಲಿ ಹಳೆ ಜೀಪು ಇಟ್ಟುಕೊಂಡು ಸುದ್ದಿಗೆ ಓಡಾಡುವವರು ಇನ್ನೂ ಇಬ್ಬರು ಮೂವರು ಇದ್ದೀರಿ. ನಿಮಗಾದರೂ ಸ್ವಲ್ಪ ದುಡ್ಡು ಉಳಿಯಲಿ.

ನಿಜ ಹೇಳಬೇಕೆಂದರೆ ಹೊಳಲೂರಿಗೆ ಫೋರ್ ವೀಲ್ ಡ್ರೈವ್ ಬೇಕಿಲ್ಲ. ತುಂಗೆ ಭದ್ರೆ ಕೂಡ್ಲಿಯಲ್ಲಿ ಒಂದಾಗಿ ಮುಂದೆ ಹರಿಯುವ ಸಪಾಟು ಸೀಮೆ ನಮ್ಮದು. ಭತ್ತದ ಗದ್ದೆ, ಅಡಿಕೆ ತೋಟ, ನಡುವೆ ಹೊನ್ನಾಳಿ ರಸ್ತೆ. ಇಲ್ಲಿನ ಕೆಸರಿಗೆ ಟ್ರ್ಯಾಕ್ಟರ್ ಇದೆ, ಉಳಿದದ್ದಕ್ಕೆ ಬೈಕು. ಜೀಪು ಬಂದದ್ದು ಹೊಸನಗರದ ಕಡೆ ತೋಟ ಮಾಡಿಕೊಂಡಿದ್ದ ಚಿಕ್ಕಪ್ಪನಿಂದ. ಮೊಣಕಾಲು ನೋವು ಶುರುವಾಗಿ ಕ್ಲಚ್ ಒತ್ತಲು ಆಗದೆ ಹೋದಾಗ, “ಗುಜರಿಯವನಿಗೆ ಕೊಡೋ ಬದಲು ನೀನೇ ತಗೊಂಡ್ ಹೋಗು” ಎಂದು ಕೀಲಿ ಕೊಟ್ಟರು. ಹಳೇ ಮಹೀಂದ್ರ, ಡೀಸೆಲ್, ಫೋರ್ ವೀಲ್. ಅದು ಬಂದ ಮೇಲೆ ನಾನು ಘಟ್ಟದ ಅಂಚಿನ ಊರುಗಳ ಸುದ್ದಿಗೂ ಹೋಗತೊಡಗಿದೆ. ಶಿವಮೊಗ್ಗ, ಆಯನೂರು, ರಿಪ್ಪನ್‌ಪೇಟೆ ದಾಟಿ ಹೊಸನಗರ ತಲುಪಲು ಈ ಜೀಪಿನಲ್ಲಿ ಎರಡೂವರೆ ತಾಸು ಬೇಕು.

ಎರಡು ವರ್ಷದ ಹಿಂದಿನ ಪುಷ್ಯ ಮಳೆ. ಹೊಸನಗರ ತಾಲ್ಲೂಕಿನ ಒಂದು ಮಜರೆ ಊರಿನಲ್ಲಿ ಕಾಲುಸಂಕ ಕೊಚ್ಚಿಹೋಗಿದೆ, ಮಕ್ಕಳು ಶಾಲೆಗೆ ಹೋಗುತ್ತಿಲ್ಲ ಎಂದು ಫೋನ್ ಬಂತು. ಊರಿನ ಹೆಸರು ಬರೆಯುವುದಿಲ್ಲ, ಏಳೆಂಟು ಮನೆ ಅಷ್ಟೆ. ಟಾರು ರಸ್ತೆಯಿಂದ ಮೂರು ಕಿಲೋಮೀಟರು ಮಣ್ಣಿನ ದಾರಿ. ನಡುವೆ ಒಂದು ಚಡಾವು, ಒಂದು ಬದಿಗೆ ದರೆ, ಇನ್ನೊಂದು ಬದಿಗೆ ಕೊರಕಲು. ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಹೋಗುವಾಗ ಅದು ನನಗೆ ಇಳಿಜಾರು, ಜೀಪು ಆರಾಮಾಗಿ ಇಳಿಯಿತು. ಫೋಟೋ ತೆಗೆದೆ, ನಾಲ್ಕು ಜನರನ್ನು ಮಾತಾಡಿಸಿದೆ, ಚಹಾ ಕುಡಿದೆ. ಹೊರಡುವ ಹೊತ್ತಿಗೆ ಮಳೆ ಹಿಡಿದುಕೊಂಡಿತು.

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜನಿಗೆ ಎದೆ ಹಿಡಿದಂತಾಗಿ ಬೆವರು ಕಿತ್ತುಕೊಂಡಿತು. ಮಗ 108ಕ್ಕೆ ಫೋನ್ ಮಾಡಿದ. ಆಂಬ್ಯುಲೆನ್ಸ್ ಟಾರು ರಸ್ತೆಯವರೆಗೆ ಬರುತ್ತದೆ, ಅಲ್ಲಿಂದ ಒಳಗೆ ಅದಕ್ಕೆ ದಾರಿಯಿಲ್ಲ. ಎಲ್ಲರೂ ನನ್ನ ಜೀಪಿನ ಕಡೆ ನೋಡಿದರು. ಫೋರ್ ವೀಲ್ ಇದೆಯಲ್ಲ, ಬನ್ನಿ ಎಂದು ನಾನೇ ಅಂದೆ. ಅಜ್ಜನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು.

ಚಡಾವಿನ ಅರ್ಧಕ್ಕೆ ಜೀಪು ನಿಂತಿತು. ನಿಂತಿದ್ದು ಎಂಜಿನ್ ಅಲ್ಲ. ಫೋರ್ ಲೋ ಗೇರಿನಲ್ಲಿ ಅದು ಗುಡುಗುತ್ತಲೇ ಇತ್ತು. ಚಕ್ರಗಳು ತಿರುಗುತ್ತಿದ್ದವು, ಜೀಪು ಮುಂದೆ ಹೋಗುತ್ತಿರಲಿಲ್ಲ. ಹಿಂದೆ ಬಂದು ಮತ್ತೆ ಹತ್ತಿಸಿದೆ. ಮೂರನೇ ಸಲ ಹಿಂಭಾಗ ಕೊರಕಲಿನ ಕಡೆ ಒಂದು ಮಾರು ಜಾರಿತು. ಅಜ್ಜನ ಮಗ ಬಾಗಿಲು ತೆಗೆದು ಇಳಿದ. “ನೀವು ಬಿಡಿ ಮಾರಾಯ್ರೆ, ನಾವು ಹೊತ್ಕಂಡು ಹೋಗ್ತೇವೆ.” ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದರು, ಎರಡು ಬಿದಿರು ಗಳ ಕಟ್ಟಿದರು, ಅಜ್ಜನನ್ನು ಜೀಪಿನಿಂದ ಇಳಿಸಿ ಕುರ್ಚಿಯಲ್ಲಿ ಕೂರಿಸಿದರು. ನಾಲ್ಕು ಜನ ಬರಿಗಾಲಲ್ಲಿ ಆ ಚಡಾವು ಹತ್ತಿದರು. ಬರಿಗಾಲಿನ ಬೆರಳು ಮಣ್ಣಿಗೆ ಊರಿ ನಿಂತಲ್ಲಿ ನನ್ನ ಟೈರು ನಿಲ್ಲಲಿಲ್ಲ. ನಾನು ಹಿಂದೆ ಕೊಡೆ ಹಿಡಿದುಕೊಂಡು ನಡೆದೆ.

ಅಜ್ಜ ಉಳಿದರು. ಹತ್ತು ದಿನಕ್ಕೆ ಮನೆಗೆ ಬಂದರು. ಕಾಲುಸಂಕದ ಸುದ್ದಿ ಎರಡು ಕಾಲಂ ಬಂತು. ಜೀಪಿನಿಂದ ಇಳಿಸಿದ ವಿಷಯ ಅದರಲ್ಲಿ ಇರಲಿಲ್ಲ, ಯಾಕೆಂದರೆ ಬರೆದವನು ನಾನು.

ಮರುದಿನ ಶಿವಮೊಗ್ಗದಲ್ಲಿ ಗುರುತಿನ ಪಂಕ್ಚರ್ ಅಂಗಡಿಗೆ ಹೋದೆ. ಅಂಗಡಿಯ ಅಣ್ಣ ಮೂವತ್ತು ವರ್ಷದಿಂದ ಲಾರಿ, ಜೀಪು, ಟ್ರ್ಯಾಕ್ಟರ್ ಟೈರು ಬಿಚ್ಚಿದವರು. ಟೈರಿನ ಮೇಲೆ ಕೈಯಾಡಿಸಿ ಕೇಳಿದರು, “ಇದು ಯಾವ ಕಾಲದ್ದು ಗೊತ್ತಾ?” ಗೊತ್ತಿರಲಿಲ್ಲ. ಟೈರಿನ ಪಕ್ಕೆಯ ಮೇಲೆ ಒಂದು ಸಣ್ಣ ಚೌಕದೊಳಗೆ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನನ್ನವು ಹತ್ತು ವರ್ಷ ದಾಟಿದ್ದವು. ಬಟನ್ ಇನ್ನೂ ಇದ್ದಂತೆ ಕಾಣುತ್ತಿತ್ತು, ಆದರೆ ರಬ್ಬರು ಒಣಗಿ ಉಗುರು ಊರದಷ್ಟು ಗಟ್ಟಿಯಾಗಿತ್ತು, ಪಕ್ಕೆಯಲ್ಲಿ ಸಣ್ಣ ಸಣ್ಣ ಸೀಳು. ರಬ್ಬರು ಬಿಸಿಲಿಗೆ, ಗಾಳಿಗೆ ತಾನಾಗಿಯೇ ಮುದಿಯಾಗುತ್ತದೆ. ಓಡಿಸದೆ ಕೊಟ್ಟಿಗೆಯಲ್ಲಿ ನಿಲ್ಲಿಸಿದರೂ ಆಗುತ್ತದೆ. ನೆಲದ ಉಬ್ಬುತಗ್ಗಿಗೆ ಮೆತ್ತಗೆ ಕೂರಬೇಕಾದ ಟೈರು ಕಲ್ಲಿನಂತಾದರೆ ಹಿಡಿತ ಎಲ್ಲಿಂದ ಬರಬೇಕು?

ಬಟನ್ ಎಷ್ಟು ಉಳಿದಿದೆ ಎಂದು ನೋಡುವುದಕ್ಕೂ ಒಂದು ಗುರುತಿದೆ. ಗಾಡಿಗಳ ನಡುವೆ ಅಡ್ಡಲಾಗಿ ಸಣ್ಣ ರಬ್ಬರ್ ದಿಣ್ಣೆ ಇರುತ್ತದೆ. ಟೈರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂತೆಂದರೆ ಉಳಿದದ್ದು 1.6 ಮಿಲಿಮೀಟರು. ಕಾನೂನಿನ ಪ್ರಕಾರ ಕಾರು ಜೀಪುಗಳಿಗೆ ಅದೇ ಕೊನೆ. ಅಣ್ಣನ ಪ್ರಕಾರ ಆ ಲೆಕ್ಕ ಟಾರು ರಸ್ತೆಗೆ. “ಕೆಸರಿಗೆ ಹೋಗೋ ಟೈರು ಅದಕ್ಕಿಂತ ಮೊದಲೇ ಸತ್ತಿರ್ತದೆ.”

ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೂ ಜೀಪು ಯಾಕೆ ಹತ್ತಲಿಲ್ಲ ಎನ್ನುವುದೂ ಅಲ್ಲೇ ಅರ್ಥವಾಯಿತು. ಫೋರ್ ವೀಲ್ ಡ್ರೈವ್ ಶಕ್ತಿಯನ್ನು ಹಂಚುತ್ತದೆ, ಅಷ್ಟೆ. ಹಿಡಿತವನ್ನು ಅದು ತಯಾರಿಸುವುದಿಲ್ಲ. ಅಂಗೈ ಅಗಲದ ನಾಲ್ಕು ಜಾಗದಲ್ಲಿ ರಬ್ಬರು ನೆಲ ಮುಟ್ಟುತ್ತದೆ, ಜೀಪಿನ ಭಾರವೆಲ್ಲ ಅಲ್ಲೇ ನಿಲ್ಲಬೇಕು. ಮೇಲಾಗಿ ಹಳೆ ಜೀಪಿನ ಡಿಫರೆನ್ಷಿಯಲ್‌ನ ಸ್ವಭಾವ ಎಂಥದ್ದೆಂದರೆ, ಒಂದೇ ಆಕ್ಸಲಿನ ಎರಡು ಚಕ್ರಗಳಲ್ಲಿ ಯಾವುದು ಜಾರುತ್ತದೋ ಅದೇ ಸುಮ್ಮನೆ ತಿರುಗುತ್ತದೆ, ನೆಲ ಹಿಡಿದದ್ದು ನಿಂತೇ ಇರುತ್ತದೆ. ಮುಂದೆ ಒಂದು, ಹಿಂದೆ ಒಂದು ಜಾರಿದರೆ ಮುಗಿಯಿತು.

ಇಷ್ಟು ತಿಳಿದ ಮೇಲೆ ಸರಿಯಾದ ಟೈರು ತಂದಿರಬೇಕು ಎಂದುಕೊಳ್ಳಬೇಡಿ. ನೇರ ಹೋಗಿ ತಪ್ಪು ಟೈರು ತಂದೆ.

ಜೀಪಿಗೆ ಮೂರು ಬಗೆಯ ಟೈರು ಸಿಗುತ್ತವೆ. ಪಕ್ಕೆಯ ಮೇಲೆ ಎಚ್‌ಟಿ, ಎಟಿ, ಎಂಟಿ ಎಂದು ಇರುತ್ತದೆ. ಎಚ್‌ಟಿ ಹೆದ್ದಾರಿಯದ್ದು. ಬಟನ್ ಒತ್ತೊತ್ತಾಗಿ, ಗಾಡಿ ಸಣ್ಣದಾಗಿ ಇರುತ್ತದೆ. ಟಾರಿನ ಮೇಲೆ ಸದ್ದಿಲ್ಲ, ಮಳೆಯಲ್ಲಿ ಬ್ರೇಕು ಚೆನ್ನಾಗಿ ಹಿಡಿಯುತ್ತದೆ. ಕೆಸರಿಗೆ ಇಳಿದರೆ ಎರಡು ಸುತ್ತಿಗೆ ಗಾಡಿಯೆಲ್ಲ ಜೇಡಿ ತುಂಬಿ ಟೈರು ಎಣ್ಣೆ ಹಚ್ಚಿದ ಮಡಕೆಯಾಗುತ್ತದೆ. ಎಂಟಿ ಕೆಸರಿನದ್ದು. ದಪ್ಪ ಬಟನ್, ನಡುವೆ ಬೆರಳು ತೂರುವಷ್ಟು ಸಂದು. ಚಕ್ರ ತಿರುಗಿದಂತೆ ಆ ಸಂದಿನಿಂದ ಕೆಸರು ತಾನಾಗಿ ಸಿಡಿದು ಹೋಗಿ, ಮತ್ತೆ ಖಾಲಿ ಸಂದು ನೆಲ ಕಚ್ಚುತ್ತದೆ. ಅದರ ಗುಟ್ಟೇ ಅದು. ಎಟಿ ಇವೆರಡರ ನಡುವಿನದ್ದು.

ಚಡಾವಿನಲ್ಲಿ ಮರ್ಯಾದೆ ಕಳೆದುಕೊಂಡ ಸಿಟ್ಟಿಗೆ ಎಂಟಿಯೇ ಬೇಕು ಅನಿಸಿತು. ಶಿವಮೊಗ್ಗದಲ್ಲಿ ಒಬ್ಬರು ಮಾರುತ್ತಿದ್ದಾರೆ ಎಂದು ಗೊತ್ತಾಗಿ ಸೆಕೆಂಡ್ ಹ್ಯಾಂಡಿನಲ್ಲಿ ನಾಲ್ಕು ತಂದೆ. ತಯಾರಾದ ವರ್ಷ ನೋಡಿದೆ, ಬಟನ್ ನೋಡಿದೆ, ಸೈಜು ಮಾತ್ರ ಸರಿಯಾಗಿ ಯೋಚಿಸಲಿಲ್ಲ. ಚಿಕ್ಕಪ್ಪ ಹಾಕಿಸಿದ್ದು 215/75 ಆರ್ 15. ತಂದದ್ದು 235/75 ಆರ್ 15. ಇಪ್ಪತ್ತು ಅಲ್ಲವೇ ಹೆಚ್ಚು, ನೋಡಲೂ ಗತ್ತು ಎಂದುಕೊಂಡೆ.

ಆ ಅಂಕಿಗಳ ಅರ್ಥ ಹೀಗೆ. 215 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 75 ಪಾಲು. ಆರ್ ಎಂದರೆ ರೇಡಿಯಲ್. 15 ಡಿಸ್ಕಿನ ಅಳತೆ, ಇಂಚಿನಲ್ಲಿ. ಲೆಕ್ಕ ಹಾಕಿದರೆ 215/75ರ ಪೂರ್ತಿ ಎತ್ತರ ಸುಮಾರು 703 ಮಿಲಿಮೀಟರು, 235/75ರದ್ದು 733. ಎತ್ತರದಲ್ಲಿ 30 ಹೆಚ್ಚಾದರೂ ಜೀಪಿನ ಹೊಟ್ಟೆ ನೆಲದಿಂದ ಮೇಲೇಳುವುದು ಅದರ ಅರ್ಧ, 15 ಮಿಲಿಮೀಟರು. ಆ ಒಂದೂವರೆ ಸೆಂಟಿಮೀಟರಿಗೆ ನಾನು ಕೊಟ್ಟದ್ದು ಏನೇನು? ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರು ಒಳಗೆ ಉಜ್ಜುತ್ತಿತ್ತು. ಮೀಟರು 60 ತೋರಿಸುವಾಗ ಜೀಪು 62 ದಾಟಿರುತ್ತಿತ್ತು. ದೊಡ್ಡ ಚಕ್ರ ತಿರುಗಿಸಲು ಹಳೆ ಎಂಜಿನ್ ಏದುಸಿರು ಬಿಡುತ್ತಿತ್ತು, ಡೀಸೆಲ್ ಹೆಚ್ಚು ಕುಡಿಯುತ್ತಿತ್ತು. ಹೊನ್ನಾಳಿ ರಸ್ತೆಯಲ್ಲಿ ಅದರ ಗುಂಯ್ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತು ಕೇಳುತ್ತಿರಲಿಲ್ಲ. ಅಲ್ಲದೆ ವಾಹನದ ಮೂಲ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯಿದೆ. ಅಪಘಾತವಾದರೆ ಇನ್ಶೂರೆನ್ಸಿನವರು ಮೊದಲು ಹುಡುಕುವುದು ಇಂಥದ್ದನ್ನೇ.

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಆಗಬಾರದ್ದು ಆದದ್ದು ನಮ್ಮೂರ ಹತ್ತಿರವೇ. ಮಳೆ ಬಿದ್ದು ರಸ್ತೆ ಒದ್ದೆಯಾಗಿತ್ತು, ವೇಗ 50ರ ಒಳಗೇ. ಹೈಸ್ಕೂಲು ಹುಡುಗನೊಬ್ಬ ಸೈಕಲ್ಲಿನಲ್ಲಿ ಅಡ್ಡ ಬಂದ. ಬ್ರೇಕು ಒತ್ತಿದೆ. ಚಕ್ರ ನಿಂತಿತು, ಜೀಪು ನಿಲ್ಲಲಿಲ್ಲ, ಜಾರುತ್ತಾ ಹೋಯಿತು. ಹುಡುಗನಿಗೂ ಬಂಪರಿಗೂ ಒಂದು ಕೈ ಅಂತರ ಇರುವಾಗ ನಿಂತಿತು. ಅವನು ಬೈದುಕೊಂಡು ಹೋದ. ನಾನು ಪಕ್ಕಕ್ಕೆ ಹಾಕಿ ಹತ್ತು ನಿಮಿಷ ಸುಮ್ಮನೆ ಕೂತೆ. ಕೆಸರಿಗೆ ಒಳ್ಳೆಯದಾದ ಅದೇ ದಪ್ಪ ಬಟನ್, ಅಗಲ ಸಂದು ಒದ್ದೆ ಟಾರಿನಲ್ಲಿ ಶತ್ರು. ನೆಲ ಮುಟ್ಟುವ ರಬ್ಬರೇ ಕಡಿಮೆ, ನೀರು ಒರೆಸಿ ಹಿಡಿಯುವ ಸಣ್ಣ ಸೀಳುಗಳೂ ಕಡಿಮೆ. ಘಟ್ಟದ ಅಜ್ಜನನ್ನು ಆಸ್ಪತ್ರೆಗೆ ಮುಟ್ಟಿಸುತ್ತೇನೆಂದು ತಂದ ಟೈರಿನಲ್ಲಿ ನಮ್ಮೂರ ಹುಡುಗನನ್ನೇ ಆಸ್ಪತ್ರೆಗೆ ಕಳಿಸುತ್ತಿದ್ದೆ.

ಅಂದಿನಿಂದ ಒಂದು ತಿಂಗಳು ಡೈರಿಯಲ್ಲಿ ಕಿಲೋಮೀಟರು ಬರೆದಿಟ್ಟೆ. ಒಟ್ಟು ಓಡಿದ್ದು 1,140. ಅದರಲ್ಲಿ ಮಣ್ಣು, ಕಲ್ಲು, ಕೆಸರು ಎಲ್ಲ ಸೇರಿ 96. ಅಂದರೆ ಹತ್ತರಲ್ಲಿ ಒಂದು ಪಾಲೂ ಇಲ್ಲ. ಟೈರು ಆರಿಸುವ ಮೊದಲು ಯಾರೇ ಆದರೂ ಮಾಡಬೇಕಾದ ಕೆಲಸ ಇದು, ಒಂದು ರೂಪಾಯಿ ಖರ್ಚಿಲ್ಲ. ನಾವು ಹೋಗುವ ದಾರಿ ಯಾವುದು ಎಂದು ಮನಸ್ಸು ಹೇಳುವುದೇ ಬೇರೆ, ಮೀಟರು ಹೇಳುವುದೇ ಬೇರೆ.

ಇನ್ನೊಂದು ಪಾಠ ಕೊಡಚಾದ್ರಿಯಲ್ಲಿ ಸಿಕ್ಕಿತು. 1,343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಯಾತ್ರಿಕರನ್ನು ಹೊತ್ತು ಜೀಪುಗಳು ಹತ್ತುವುದನ್ನು ನೋಡಿದವರಿಗೆ ಗೊತ್ತು, ಅಲ್ಲಿ ರಸ್ತೆ ಎಂಬುದು ಮರ್ಯಾದೆಗೆ ಹೇಳುವ ಮಾತು. ಕಟ್ಟಿನಹೊಳೆಯಲ್ಲಿ ಚಹಾ ಕುಡಿಯುತ್ತಾ ಒಬ್ಬ ಡ್ರೈವರಣ್ಣನ ಜೊತೆ ಮಾತಿಗೆ ಕೂತೆ. ಅವರ ಜೀಪಿನ ಟೈರು ನನ್ನದಕ್ಕಿಂತ ಸಪೂರ. ಎರಡನೇ ಮಹಾಯುದ್ಧದ ಜೀಪಿಗೆ ಬರುತ್ತಿದ್ದ 6.00-16 ಸೈಜಿನದ್ದೇ, ಅಡ್ಡ ಪಟ್ಟಿಯ ಬಟನ್. ಹಿಂದೆ ಮುಂದೆ ಎರಡೂ ಕಡೆಗೆ ಒಂದೇ ರೀತಿ ಕಚ್ಚುವ ವಿನ್ಯಾಸ ಅದು. ಅಗಲ ಟೈರು ಹಾಕಿಸಬಾರದಾ ಎಂದು ಕೇಳಿದೆ. “ಅಗಲದ್ದು ಕೆಸರಿನ ಮೇಲೆ ತೇಲ್ತದೆ ಮಾರಾಯ್ರೆ. ಸಪೂರದ್ದು ಕೆಸರು ಕೊರ್ಕಂಡು ಅಡಿಯ ಗಟ್ಟಿ ನೆಲ ಹಿಡೀತದೆ.” ನಮ್ಮ ಮಲೆನಾಡಿನ ದಾರಿಗೆ ಆ ಮಾತು ಸರಿ. ಇಲ್ಲಿ ಮೇಲೆ ಒಂದು ಗೇಣು ಲೋಳೆ, ಅಡಿಗೆ ಜಂಬಿಟ್ಟಿಗೆಯ ಗಟ್ಟಿ ಹಾಸು. ಅಡಿಯೇ ಇಲ್ಲದ ಮರಳಿಗೆ, ಹುದುಲಿಗೆ ಮಾತ್ರ ತೇಲುವ ಅಗಲ ಟೈರು ಬೇಕು. ಕಡಲ ತೀರದಲ್ಲಿ ಓಡಿಸುವವರ ಮಾತು ಕೇಳಿ ಘಟ್ಟದವರು ಟೈರು ತಗೊಳ್ಳಬಾರದು. ಏಳುವಾಗ ಡ್ರೈವರಣ್ಣ ಇನ್ನೊಂದು ಮಾತು ಸೇರಿಸಿದರು. “ಟೈರ್ ಅರ್ಧ, ಕಾಲು ಅರ್ಧ. ಆಕ್ಸಿಲರೇಟರ್ ತುಳಿದ್ರೆ ಹತ್ತೂದಿಲ್ಲ, ಗುಂಡಿ ತೋಡ್ತದೆ.” ಪುಷ್ಯ ಮಳೆಯ ದಿನ ನಾನು ಮಾಡಿದ್ದು ಅದನ್ನೇ.

ಕೊನೆಗೆ ಆ ಎಂಟಿ ನಾಲ್ಕನ್ನೂ ನಷ್ಟಕ್ಕೆ ಮಾರಿ ಹೊಸ ಎಟಿ ತಗೊಂಡೆ. ಸೈಜು ಮತ್ತೆ 215/75. ಭಾರದ ಅಂಕಿ 100, ಅಂದರೆ ಒಂದು ಟೈರು 800 ಕೆ.ಜಿ. ಹೊರುತ್ತದೆ. ಅದರ ಪಕ್ಕದ ಎಸ್ ಅಕ್ಷರ ಗಂಟೆಗೆ 180 ಕಿ.ಮೀ. ವೇಗಕ್ಕೆ, ನನ್ನ ಜೀಪು ಕನಸಿನಲ್ಲೂ ಹೋಗದ ವೇಗ. ಅಂಗಡಿಯಲ್ಲಿ ನಾನು ನೋಡಿದ್ದು ಮೂರು. ತಯಾರಾದ ವಾರ ಆರು ತಿಂಗಳ ಒಳಗಿನದಿರಬೇಕು. ಬಟನ್ ಪಕ್ಕೆಯವರೆಗೂ ಸ್ವಲ್ಪ ಇಳಿದಿರಬೇಕು, ಯಾಕೆಂದರೆ ಗಾಡಿ ಬಿದ್ದ ದಾರಿಯಲ್ಲಿ ಟೈರಿನ ಭುಜವೇ ಕಚ್ಚುವುದು. ಪಕ್ಕೆ ದಪ್ಪ ಇರಬೇಕು. ನಮ್ಮ ದಾರಿಯಲ್ಲಿ ಟೈರು ಹಾಳಾಗುವುದು ಮೊಳೆಯಿಂದಲ್ಲ, ಕತ್ತರಿಸಿದ ಬಿದಿರಿನ ಕೂಳೆಯಿಂದ, ಚೂಪು ಕಲ್ಲಿನಿಂದ. ಪಕ್ಕೆ ಸೀಳಿದರೆ ಪಂಕ್ಚರ್ ಹಾಕಲು ಬರುವುದಿಲ್ಲ.

ನಾಲ್ಕರ ಬದಲು ಐದು ಯಾಕೆ ಎಂದು ಅವ್ವ ಕೇಳಿದ್ದಳು. ಹಳೆ ಜೀಪಿನ ಫೋರ್ ವೀಲ್‌ನಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಂಡೇ ತಿರುಗುತ್ತವೆ. ಒಂದು ಟೈರು ಹೊಸದು, ಒಂದು ಸವೆದದ್ದು ಎಂದಾದರೆ ಸುತ್ತಳತೆಯಲ್ಲಿ ವ್ಯತ್ಯಾಸ ಬಂದು ಗೇರುಗಳು ತಮ್ಮತಮ್ಮಲ್ಲೇ ಗುದ್ದಾಡುತ್ತವೆ. ಗಟ್ಟಿ ಟಾರಿನ ಮೇಲೆ ಫೋರ್ ವೀಲ್ ಹಾಕಿ ತಿರುವು ತೆಗೆಯಬಾರದು ಎನ್ನುವುದೂ ಇದೇ ಕಾರಣಕ್ಕೆ. ಅದಕ್ಕೇ ಐದೂ ಒಂದೇ ಜಾತಿ. ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಸ್ಟೆಪ್ನಿಯನ್ನೂ ಸೇರಿಸಿ ಜಾಗ ಬದಲಿಸುತ್ತೇನೆ.

ಇದಕ್ಕೆಲ್ಲ ಹೋಲಿಸಿದರೆ ಕಡಿಮೆ ದುಡ್ಡಿನಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಗಾಳಿ ನೋಡುವ ಮೀಟರು ಮತ್ತು ಬ್ಯಾಟರಿಗೆ ಸಿಕ್ಕಿಸುವ ಪಂಪು. ಟಾರಿನಲ್ಲಿ 30 ಪೌಂಡು ಇಡುತ್ತೇನೆ. ಕೆಸರಿನ ದಾರಿ ಶುರುವಾಗುವಲ್ಲಿ ಇಳಿದು 20ಕ್ಕೆ ತರುತ್ತೇನೆ. ಗಾಳಿ ಕಡಿಮೆಯಾದರೆ ಟೈರು ನೆಲ ಮುಟ್ಟುವ ಜಾಗ ಉದ್ದವಾಗುತ್ತದೆ, ಕಲ್ಲಿನ ಮೇಲೆ ಕಂಬಳಿಹುಳದ ಹಾಗೆ ಮೈ ಹಾಸಿ ಹೋಗುತ್ತದೆ. ಹಾಗೆಂದು ತೀರಾ ಇಳಿಸಿದರೆ ಟೈರು ಡಿಸ್ಕಿನಿಂದ ಕಳಚುತ್ತದೆ, ಕಲ್ಲಿಗೂ ಡಿಸ್ಕಿಗೂ ನಡುವೆ ಸಿಕ್ಕಿ ಪಕ್ಕೆ ಒಡೆಯುತ್ತದೆ. ಮತ್ತೆ ಟಾರಿಗೆ ಬಂದ ಕೂಡಲೇ ತುಂಬಿಸಬೇಕು. ಅಷ್ಟು ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರು ಕಾದು ಸಿಡಿಯಬಹುದು.

ಕಳೆದ ಮಳೆಗಾಲದಲ್ಲಿ ಅದೇ ಊರಿಗೆ ಹೋದೆ. ಬರುವಾಗ ಮಳೆ ಇತ್ತು. ಚಡಾವಿನ ಬುಡದಲ್ಲಿ ನಿಲ್ಲಿಸಿ ಮೊದಲು ನಡೆದು ಹತ್ತಿ ನೋಡಿದೆ, ಎರಡು ಉಂಬಳ ಕಚ್ಚಿದವು. ಆಮೇಲೆ ಫೋರ್ ಲೋ, ಎರಡನೇ ಗೇರು, ಕಾಲು ಹಗುರ. ಜೀಪು ಒಂದು ಸಲ ಅತ್ತಿತ್ತ ಹೊಯ್ದಾಡಿತು, ನಿಧಾನಕ್ಕೆ ಹತ್ತಿತು. ಮೇಲೆ ಬಂದು ಇಳಿದು ತಿರುಗಿ ನೋಡಿದರೆ ದಾರಿಯ ತುಂಬಾ ನನ್ನ ಟೈರಿನ ಗುರುತು, ಅದರಲ್ಲಿ ಆಗಲೇ ನೀರು ಹರಿಯಲು ಶುರುವಾಗಿತ್ತು. ಆ ದಾರಿಗೆ ಪ್ರತಿವರ್ಷ ಮಳೆ ಕಳೆದ ಮೇಲೆ ಊರವರೇ ಕಲ್ಲು ಮಣ್ಣು ಹೊತ್ತು ಹಾಕುತ್ತಾರೆ. ಚಕ್ರ ಸುಮ್ಮನೆ ಸುತ್ತಿಸಿ ನಾವು ತೋಡುವ ಪ್ರತಿ ಗುಂಡಿಯೂ ಅವರ ಒಂದು ದಿನದ ಕೆಲಸ. ಮೋಜಿಗೆಂದು ಕೆಸರು ಹುಡುಕಿಕೊಂಡು ಜೀಪು ತರುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಬರುವುದೇ ಆದರೆ ಗಾಳಿ ಇಳಿಸಿ, ನಿಧಾನ ಬನ್ನಿ.

ಅಂದು ಅಜ್ಜ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ಹೊಸ ಟೈರಿನ ಕಥೆ ಹೇಳಿದೆ. ಪೂರ್ತಿ ಕೇಳಿ, “ಅವತ್ತು ಜೀಪು ಹತ್ತಿದ್ದೂ ನೆನಪಿದೆ, ಇಳಿದದ್ದೂ ನೆನಪಿದೆ” ಎಂದು ನಕ್ಕರು. ಒಳಗಿನಿಂದ ಅಜ್ಜಿ ಬೆಲೆ ಕೇಳಿದರು, ಹೇಳಿದೆ. “ನಿಮ್ಮ ಟೈರಿಗೆ ಅಷ್ಟು ಸಿಕ್ತದೆ, ನಮ್ಮ ಸಂಕಕ್ಕೆ ಸಿಕ್ಕೂದಿಲ್ಲ ನೋಡಿ.”

ಮಲೆನಾಡಿನಲ್ಲಿ ‘ಶಾಲಾ ಸಂಪರ್ಕ ಸೇತು’ ಯೋಜನೆಯಲ್ಲಿ ಕಾಲುಸಂಕಗಳು ಆಗಿವೆ, ಅದು ಸುಳ್ಳಲ್ಲ. ಈ ಊರಿನ ಸರದಿ ಬಂದಿಲ್ಲ. ಇಲ್ಲಿಗೆ ಅಳತೆಗೆ ಬಂದವರೆಲ್ಲ ಬಂದದ್ದು ಬೇಸಿಗೆಯಲ್ಲಿ. ಜನವರಿಯಲ್ಲಿ ಬಂದವರಿಗೆ ಈ ದಾರಿ ದಾರಿಯಾಗಿಯೇ ಕಾಣುತ್ತದೆ, ಹಳ್ಳ ಬರೀ ಕಲ್ಲಾಗಿ ಕಾಣುತ್ತದೆ. ವರದಿಗಾರರೂ ಅಷ್ಟೆ. ಮಳೆಗಾಲದಲ್ಲಿ ಫೋನಿನಲ್ಲೇ ಸುದ್ದಿ ಮಾಡಿ, ಫೋಟೋ ವಾಟ್ಸಾಪಿನಲ್ಲಿ ತರಿಸಿಕೊಳ್ಳುತ್ತೇವೆ. ನಾನೂ ಎಷ್ಟೋ ಸಲ ಮಾಡಿದ್ದೇನೆ. ಈ ಟೈರು ಆ ಊರಿಗೆ ರಸ್ತೆ ಕೊಡುವುದಿಲ್ಲ. ಮಳೆಯಲ್ಲಿ ಅದು ಹೇಗಿರುತ್ತದೆ ಎಂದು ಮಳೆಯಲ್ಲೇ ನಿಂತು ಬರೆಯಲು ನನಗೊಂದು ಅನುಕೂಲ, ಅಷ್ಟೆ. ಅವ್ವನ ಹಸುವಿನ ಲೆಕ್ಕದ ಎದುರು ಇಡಲು ನನ್ನ ಹತ್ತಿರ ಇರುವ ಲೆಕ್ಕ ಇದೊಂದೇ.

ಮೊನ್ನೆ ಅಜ್ಜನ ಮಗ ಫೋನ್ ಮಾಡಿದ್ದ. ಗ್ರಾಮಸಭೆಯಿದೆಯಂತೆ, ಸಂಕದ ವಿಷಯ ಎತ್ತುತ್ತಾರಂತೆ, ಪೇಪರಿನವರೊಬ್ಬರು ಇದ್ದರೆ ಒಳ್ಳೆಯದು ಅಂದ. ಬರ್ತೇನೆ ಎಂದೆ. ಫೋನ್ ಇಡುವ ಮೊದಲು ಹೇಳಿದ, “ಗಾಳಿ ಇಳಿಸ್ಕಂಡೇ ಬನ್ನಿ ಮಾರಾಯ್ರೆ, ನಿನ್ನೆಯಿಂದ ಬಿಟ್ಟಿಲ್ಲ ಮಳೆ.”